ಆರು ತಿಂಗಳ ನೆಂಟರ ಖರ್ಚು ಯಾರು ನೋಡಿಕೊಳ್ಳುವುದು?

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ, ಶಿರಿಯ ಹೊಳೆ ಸಮುದ್ರ ಸೇರುವ ಅಳಿವೆ. ಇಳಿತದ ಹೊತ್ತು. ನೀರು ಹಿಂದೆ ಸರಿದು ಕೆಸರು ಮೇಲೆ ಬಂದಿದೆ. ಆ ಕೆಸರಿನ ಮೇಲೆ ಮಣ್ಣಿನ ಬಣ್ಣದ ಸಣ್ಣ ಹಕ್ಕಿಯೊಂದು ನಾಲ್ಕು ಹೆಜ್ಜೆ ಓಡುತ್ತದೆ. ಗಕ್ಕನೆ ನಿಲ್ಲುತ್ತದೆ. ತಲೆ ಬಾಗಿಸಿ ಒಮ್ಮೆ ಕುಕ್ಕುತ್ತದೆ. ಮತ್ತೆ ನಾಲ್ಕು ಹೆಜ್ಜೆ. ಕೊಕ್ಕಿನ ತುದಿಯಲ್ಲಿ ನೂಲಿನೆಳೆಯಂಥ ಒಂದು ಹುಳ ಒದ್ದಾಡುತ್ತಿರುತ್ತದೆ, ಮರುಕ್ಷಣ ಇರುವುದಿಲ್ಲ.

ಇದು ಸ್ಯಾಂಡ್ ಪ್ಲೋವರ್. ತೂಕ ಹೆಚ್ಚುಕಡಿಮೆ ಒಂದು ಕೋಳಿಮೊಟ್ಟೆಯಷ್ಟು. ಬೇಸಿಗೆಯಲ್ಲಿ ಹಿಮಾಲಯದ ಆಚೆ, ಟಿಬೆಟಿನ ಎತ್ತರದ ಬಯಲುಗಳಲ್ಲಿ ಮರಿ ಮಾಡುತ್ತದೆ. ಅಲ್ಲಿ ಚಳಿ ಶುರುವಾಗುವ ಮೊದಲೇ ಹೊರಟು ನಮ್ಮ ಕಡಲತೀರಕ್ಕೆ ಬಂದು ಸೇರುತ್ತದೆ. ಮತ್ತೆ ಹೊರಡುವುದು ಏಪ್ರಿಲ್ ಹೊತ್ತಿಗೆ. ಹೋಗುವ ಮೊದಲು ಅದು ಮೈಯಲ್ಲಿ ಕೊಬ್ಬು ತುಂಬಿಸಿಕೊಳ್ಳಬೇಕು. ಆ ಕೊಬ್ಬೇ ಅದರ ಪೆಟ್ರೋಲ್. ದೂರ ಹಾರುವ ಕೆಲವು ಹಕ್ಕಿಗಳು ಹೊರಡುವ ಮೊದಲು ತಮ್ಮ ತೂಕವನ್ನು ದುಪ್ಪಟ್ಟಿನ ಹತ್ತಿರಕ್ಕೆ ಏರಿಸಿಕೊಳ್ಳುವುದೂ ಉಂಟು.

ಒಂದು ಜನವರಿಯ ಬೆಳಿಗ್ಗೆ ನಾನು ಅಲ್ಲಿ ಒಂದು ಗಂಟೆ ಕೂತೆ. ಆ ಒಂದು ಗಂಟೆಯಲ್ಲಿ ಬೀದಿನಾಯಿಗಳು ಆರು ಸಲ ಕೆಸರಿಗೆ ನುಗ್ಗಿದವು. ಆರು ಸಲವೂ ಇಡೀ ಹಿಂಡು ಎದ್ದು, ಗಾಳಿಯಲ್ಲಿ ಎರಡು ಸುತ್ತು ಹಾಕಿ, ದೂರ ಹೋಗಿ ಇಳಿಯಿತು. ನೋಡಲು ಚಂದ, ಫೋಟೋಗೆ ಇನ್ನೂ ಚಂದ. ಹಕ್ಕಿಗೆ ಮಾತ್ರ ಅದು ನಷ್ಟ. ಪ್ರತಿ ಸಲ ಎದ್ದು ಹಾರಿದಾಗ ಹೆಕ್ಕಿದ್ದರಲ್ಲಿ ಒಂದಷ್ಟು ಕರಗುತ್ತದೆ. ಉಬ್ಬರ ಬಂದ ಮೇಲೆ ಕೆಸರು ಮುಳುಗುತ್ತದೆ, ಊಟದ ಹೊತ್ತೂ ಮುಗಿಯುತ್ತದೆ.

ನಾಯಿಗಳನ್ನು ದೂರ ಇಡಲು ಏನು ಬೇಕು? ಇಳಿತದ ಹೊತ್ತಿಗೆ ಅಲ್ಲೊಬ್ಬ ಮನುಷ್ಯ ಇದ್ದರೆ ಸಾಕು. ಆ ಮನುಷ್ಯನಿಗೆ ಸಂಬಳ ಯಾರು ಕೊಡುವುದು? ಸಣ್ಣ ಪ್ರಶ್ನೆ ಅನಿಸಬಹುದು. ಆದರೆ ವಲಸೆ ಹಕ್ಕಿಗಳನ್ನು ಉಳಿಸುವ ಕೆಲಸದ ಅರ್ಧ ಕಷ್ಟ ಇದರಲ್ಲೇ ಇದೆ.

ಯಾರದೂ ಅಲ್ಲದ ಹಕ್ಕಿ

ಹಕ್ಕಿಗಳು ವರ್ಷ ವರ್ಷ ಓಡಾಡುವ ದೊಡ್ಡ ದಾರಿಗಳನ್ನು ಗುರುತಿಸಿ ಹೆಸರಿಟ್ಟಿದ್ದಾರೆ. ನಮ್ಮ ತೀರಕ್ಕೆ ಬರುವ ಹಕ್ಕಿಗಳಲ್ಲಿ ಹೆಚ್ಚಿನವು ಮಧ್ಯ ಏಷ್ಯಾದ ಹಾರುದಾರಿಯವು. ಸೈಬೀರಿಯಾದಿಂದ ಹಿಂದೂ ಮಹಾಸಾಗರದವರೆಗೆ 30 ದೇಶಗಳು ಈ ದಾರಿಯಲ್ಲಿ ಬರುತ್ತವೆ. ನೀರಹಕ್ಕಿಗಳನ್ನು ಮಾತ್ರ ಲೆಕ್ಕ ಹಾಕಿದರೂ 182 ಜಾತಿಗಳು ಇದನ್ನು ಬಳಸುತ್ತವೆ.

ನಮ್ಮ ಕಡೆಯವರಿಗೆ ಇದನ್ನು ಯಕ್ಷಗಾನ ಮೇಳದ ಲೆಕ್ಕದಲ್ಲಿ ಹೇಳಿದರೆ ಬೇಗ ಮನಸ್ಸಿಗೆ ಹೋಗುತ್ತದೆ. ಕುಂಬಳೆ ಸೀಮೆ ಯಕ್ಷಗಾನ ಕವಿ ಪಾರ್ತಿಸುಬ್ಬನ ನೆಲ ಅಲ್ವಾ, ಮೇಳ ಅಂದರೆ ಏನು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಿಟ್ಟ ಮೇಲೆ ಹೊರಟ ಮೇಳ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುತ್ತದೆ. ಅಲ್ಲಿಯವರೆಗೆ ದಿನಕ್ಕೊಂದು ಊರು. ಮೇಳ ಆ ಊರಿನದಲ್ಲ. ಆದರೂ ಆ ರಾತ್ರಿಯ ಊಟ, ಬಿಡಾರ, ಚಪ್ಪರ ಎಲ್ಲ ಆ ಊರಿನದೇ. ಒಂದೊಂದು ಊರು ಒಂದೊಂದು ರಾತ್ರಿಯ ಹೊಣೆ ಹೊತ್ತದ್ದಕ್ಕೆ ಇಡೀ ತಿರುಗಾಟ ನಡೆಯುತ್ತದೆ.

ಹಕ್ಕಿಯ ತಿರುಗಾಟವೂ ಹಾಗೆಯೇ. ತಿಂಗಳುಗಳ ಲೆಕ್ಕವೂ ಸುಮಾರಾಗಿ ಮೇಳದ್ದೇ. ವ್ಯತ್ಯಾಸ ಇಷ್ಟು: ಒಂದು ಊರು ಆಟ ರದ್ದು ಮಾಡಿದರೆ ಮೇಳ ಪಕ್ಕದ ಊರಲ್ಲಿ ಮಲಗೀತು. ಹಕ್ಕಿಗೆ ಒಂದು ತಂಗುದಾಣ ಹೋದರೆ ಮುಂದಿನ ಹಾರಾಟಕ್ಕೆ ಬೇಕಾದ ಕೊಬ್ಬು ಸಿಗುವುದಿಲ್ಲ. ಟಿಬೆಟಿನಲ್ಲಿ ಗೂಡಿಗೆ ಎಷ್ಟೇ ರಕ್ಷಣೆ ಕೊಟ್ಟರೂ ಶಿರಿಯದ ಕೆಸರು ಹಾಳಾದರೆ ಆ ರಕ್ಷಣೆ ಅರ್ಧಕ್ಕೇ ನಿಂತಂತೆ.

ದೇಶದೇಶಗಳ ನಡುವೆ ಒಪ್ಪಂದಗಳು ಇಲ್ಲವೆಂದಲ್ಲ. ವಲಸೆ ಪ್ರಾಣಿಗಳ ರಕ್ಷಣೆಗೆ 1979 ರಲ್ಲಿ ಬಾನ್ ನಗರದಲ್ಲಿ ಒಂದು ಒಪ್ಪಂದ ಆಯಿತು. ಭಾರತ 1983 ರಲ್ಲಿ ಅದಕ್ಕೆ ಸೇರಿತು. 2018 ರಲ್ಲಿ ಕೇಂದ್ರ ಸರ್ಕಾರ ಮಧ್ಯ ಏಷ್ಯಾದ ಹಾರುದಾರಿಗಾಗಿಯೇ ಐದು ವರ್ಷದ ಕ್ರಿಯಾ ಯೋಜನೆ ತಂದಿತು. 2020 ರ ಫೆಬ್ರವರಿಯಲ್ಲಿ ಒಪ್ಪಂದದ ದೇಶಗಳ ಸಭೆ ಗಾಂಧಿನಗರದಲ್ಲೇ ನಡೆಯಿತು. 2024 ರಲ್ಲಿ ಸಮರಕಂದದ ಸಭೆಯಲ್ಲಿ ಈ ಹಾರುದಾರಿಯ ಸಮನ್ವಯ ಘಟಕ ಭಾರತದಲ್ಲಿರಬೇಕು ಅಂತ ತೀರ್ಮಾನ ಆಯಿತು. ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಒಪ್ಪಂದ ದೇಶಕ್ಕೆ ಹೊಣೆ ಹೊರಿಸುತ್ತದೆ. ಕುಂಬಳೆಯ ಅಳಿವೆಗೆ ಕಾವಲುಗಾರನನ್ನು ಕಳಿಸುವುದಿಲ್ಲ. ಅದು ನಮ್ಮ ಪಾಲಿನ ರಾತ್ರಿ, ನಾವೇ ನಡೆಸಬೇಕು.

ಏನೂ ಕಟ್ಟದೆ ಇರುವುದಕ್ಕೆ ದುಡ್ಡು

ಇಲ್ಲಿ ಒಂದು ವಿಚಿತ್ರ ತೊಡಕಿದೆ. ಕಟ್ಟುವುದಕ್ಕೆ ದುಡ್ಡು ಸಿಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಇಡುವುದಕ್ಕೆ ಸಿಗುವುದಿಲ್ಲ. ವೀಕ್ಷಣಾ ಗೋಪುರ, ನಡೆಯುವ ದಾರಿ, ಸ್ವಾಗತ ಕಮಾನು ಅಂದರೆ ಫಲಕ ಹಾಕಬಹುದು, ಉದ್ಘಾಟನೆ ಮಾಡಬಹುದು. ಕೆಸರು ಬಯಲು ಕಳೆದ ವರ್ಷ ಹೇಗಿತ್ತೋ ಈ ವರ್ಷವೂ ಹಾಗೇ ಇದೆ ಎನ್ನುವುದಕ್ಕೆ ರಿಬ್ಬನ್ ಕತ್ತರಿಸಲು ಆಗುವುದಿಲ್ಲ ಅಲ್ವಾ? ಆದರೆ ಹಕ್ಕಿಗೆ ಬೇಕಾದದ್ದು ಅದೊಂದೇ.

ಇದು ನಮಗೆ ಪೆಟ್ಟು ತಿಂದು ಗೊತ್ತಾದ ವಿಷಯ. ಕೆಲವು ವರ್ಷದ ಹಿಂದೆ ನಾವು ಏಳೆಂಟು ಮಂದಿ ಸೇರಿ ಒಂದು ಸಂಸ್ಥೆಯ ಹತ್ತಿರ ಸಹಾಯ ಕೇಳಲು ಹೋದೆವು. ಅವರು ಬಹಳ ಪ್ರೀತಿಯಿಂದ ಮಾತಾಡಿದರು. ಕಾಂಡ್ಲಾ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡ ನೆಡಲು ಹಣ ಕೊಡುತ್ತೇವೆ, ಸಾವಿರ ಗಿಡ ಆಗಲಿ, ಶಾಲೆ ಮಕ್ಕಳು ಬರಲಿ ಅಂದರು. ಜಾಗ ಎಲ್ಲಿ ಎಂದರೆ, ಇಳಿತದಲ್ಲಿ ತೆರೆದುಕೊಳ್ಳುವ ಅದೇ ಕೆಸರು ಬಯಲು. ಅಲ್ಲಿ ಗಿಡ ಇಲ್ಲ, ಖಾಲಿ ಬಿದ್ದಿದೆ ಎನ್ನುವುದು ಅವರ ಲೆಕ್ಕ.

ಕಾಂಡ್ಲಾ ಬೇಡ ಎಂದು ಯಾರೂ ಹೇಳುವುದಿಲ್ಲ. ಮೀನಿನ ಮರಿ ಬೆಳೆಯುವುದು ಅದರ ಬೇರಿನ ನಡುವೆ. ದಡ ಕುಸಿಯದಂತೆ ಹಿಡಿಯುವುದೂ ಅದೇ. ಆದರೆ ಪ್ಲೋವರ್, ಗೊರವಗಳ ಜಾತಿಯವು ಬಯಲಿನ ಹಕ್ಕಿಗಳು. ನಾಲ್ಕೂ ಕಡೆ ದೂರದವರೆಗೆ ಕಾಣಬೇಕು, ಗಿಡುಗ ಬಂದರೆ ತಿಳಿಯಬೇಕು. ಕೆಸರಿನ ಮೇಲೆ ಗಿಡ ಬೆಳೆದು ಮುಚ್ಚಿದರೆ ಅವುಗಳ ಊಟದ ಎಲೆಯನ್ನೇ ಎತ್ತಿಟ್ಟ ಹಾಗೆ. ಕಾಂಡ್ಲಾ ಇರುವ ಕಡೆ ಕಾಂಡ್ಲಾ ಉಳಿಯಲಿ, ಕಡಿದು ಹೋದ ಕಡೆ ಮತ್ತೆ ನೆಡೋಣ, ಕೆಸರು ಕೆಸರಾಗಿಯೇ ಇರಲಿ ಎಂದು ನಾವು ಹೇಳಿದೆವು. ಹಣ ಬರಲಿಲ್ಲ. ಬೇಜಾರಾಯಿತು. ಆದರೆ ಅವತ್ತು ಬೇಡ ಎಂದದ್ದು ಸರಿಯಾಗಿಯೇ ಇತ್ತು ಎಂದು ಇವತ್ತಿಗೂ ನನಗೆ ಅನಿಸುತ್ತದೆ. ಹಣ ಕೊಡುವವರನ್ನು ಹುಡುಕುವ ಮೊದಲು ಹಕ್ಕಿಗೆ ಏನು ಬೇಕು ಎಂದು ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಹಣವೇ ಕೆಲಸವನ್ನು ತೀರ್ಮಾನಿಸುತ್ತದೆ.

ಕಡಲತೀರ ಮಾತ್ರವಲ್ಲ, ಮೇಲಿನ ಪದವುಗಳ, ಅಂದರೆ ಗುಡ್ಡದ ಮೇಲಿನ ಬಯಲುಗಳ ಕಥೆಯೂ ಇದೇ. ಕುಂಬಳೆ ಪಂಚಾಯತಿನ ಕಿದೂರನ್ನು ಹಕ್ಕಿಗಳ ಊರು ಎಂದೇ ಜನ ಗುರುತಿಸುತ್ತಾರೆ. ಕೆಂಪುಕಲ್ಲಿನ ಪದವು, ಅದರ ಮೇಲೆ ಮಳೆ ನೀರು ನಿಲ್ಲುವ ಪಳ್ಳ, ಸುತ್ತ ಪೊದೆ, ಇಳಿಜಾರಿನಲ್ಲಿ ಮರ. ಇಂಥ ಪೊದೆಕಾಡುಗಳಿಗೆ ಚಳಿಗಾಲದಲ್ಲಿ ನವರಂಗ ಬರುತ್ತದೆ. ಉತ್ತರದಲ್ಲಿ, ಹಿಮಾಲಯದ ತಪ್ಪಲಿನ ಕಡೆ ಮರಿ ಮಾಡಿ ಬರುವ ಹಕ್ಕಿ ಅದು. ಕಾಗದದಲ್ಲಿ ಮಾತ್ರ ಪದವು ಎಂದರೆ ಪಾಳು ಜಾಗ. ಪಾಳು ಎಂದು ಬರೆದ ಮೇಲೆ ಕಲ್ಲು ಕಡಿಯುವವರಿಗೂ ಕಸ ಸುರಿಯುವವರಿಗೂ ಅಡ್ಡಿಯೇ ಇಲ್ಲ.

ದುಡ್ಡು ಬರುವ ದಾರಿಗಳು

ದಾರಿಗಳು ನಾಲ್ಕೈದು ಇವೆ. ಎಲ್ಲವೂ ಎಲ್ಲರಿಗೂ ಹೊಂದುವುದಿಲ್ಲ.

ಮೊದಲಿನದು ಪಂಚಾಯತು. ನನ್ನ ಮಟ್ಟಿಗೆ ಇದೇ ಮುಖ್ಯ. ಕೇರಳದಲ್ಲಿ 1996 ರಿಂದ ಜನಕೀಯಾಸೂತ್ರಣ, ಅಂದರೆ ಊರಿನ ಜನರೇ ಸೇರಿ ಯೋಜನೆ ಮಾಡುವ ಪದ್ಧತಿ ನಡೆಯುತ್ತಿದೆ. ಯೋಜನೆಯ ಹಣದ ದೊಡ್ಡ ಪಾಲು ನೇರ ಸ್ಥಳೀಯ ಸಂಸ್ಥೆಗಳಿಗೆ ಬರುತ್ತದೆ. ಯಾವ ಕೆಲಸಕ್ಕೆ ಎಷ್ಟು ಎನ್ನುವ ಮಾತು ಗ್ರಾಮಸಭೆಯಿಂದ ಶುರುವಾಗಬೇಕು. ಗ್ರಾಮಸಭೆಯಲ್ಲಿ ಹತ್ತು ಮಂದಿ ಎದ್ದು ರಸ್ತೆ ಕೇಳುತ್ತಾರೆ, ಹಕ್ಕಿಯ ಬಗ್ಗೆ ಒಬ್ಬರೂ ಎದ್ದು ಮಾತಾಡುವುದಿಲ್ಲ. ಹಾಗಿರುವಾಗ ಪಂಚಾಯತು ಹಕ್ಕಿಗೆ ಹಣ ಇಡಲಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ.

ಇದರ ಜೊತೆಗೆ 2002 ರ ಜೀವವೈವಿಧ್ಯ ಕಾಯ್ದೆ ಇದೆ. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಹಕ್ಕಿಗಳ ದಾಖಲೆ ಪುಸ್ತಕ ಇರಬೇಕು, ಸ್ಥಳೀಯ ಜೀವವೈವಿಧ್ಯ ನಿಧಿ ಇರಬೇಕು ಎನ್ನುತ್ತದೆ ಈ ಕಾಯ್ದೆ. ವಿಶೇಷ ಜಾಗಗಳನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ರಾಜ್ಯ ಸರ್ಕಾರ ಘೋಷಿಸಲೂಬಹುದು. ನಿಮ್ಮ ಪಂಚಾಯತಿನ ಆ ದಾಖಲೆ ಪುಸ್ತಕವನ್ನು ಒಮ್ಮೆ ಕೇಳಿ ನೋಡಿ. ಅದರಲ್ಲಿ ನಿಮ್ಮ ಅಳಿವೆಯ ವಲಸೆ ಹಕ್ಕಿಗಳ ಹೆಸರು ಇದೆಯಾ ಎಂದು ಹುಡುಕಿ. ಇಲ್ಲದಿದ್ದರೆ ಸೇರಿಸುವ ಕೆಲಸದಿಂದಲೇ ಶುರು ಮಾಡಬಹುದು. ಪುಸ್ತಕದಲ್ಲಿ ಇಲ್ಲದ ಹಕ್ಕಿಗೆ ಹಣ ಕೇಳುವುದು ಕಷ್ಟ.

ನಮ್ಮ ಜಿಲ್ಲೆ ಈ ವಿಷಯದಲ್ಲಿ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. 2023 ರಲ್ಲಿ ಕಾಸರಗೋಡು ತನ್ನದೇ ಜಿಲ್ಲಾ ಹಕ್ಕಿ, ಮರ, ಹೂ, ಪ್ರಾಣಿಯನ್ನು ಘೋಷಿಸಿದ ದೇಶದ ಮೊದಲ ಜಿಲ್ಲೆಯಾಯಿತು. ಹಕ್ಕಿ ಬಿಳಿ ಹೊಟ್ಟೆಯ ಕಡಲ ಹದ್ದು. ಮರ ಕಾಸರಕ. ಪ್ರಾಣಿ ಮೆದು ಚಿಪ್ಪಿನ ದೊಡ್ಡ ಹೊಳೆಯಾಮೆ. ಕಡಲ ಹದ್ದು ವಲಸೆ ಹಕ್ಕಿ ಅಲ್ಲ, ಇಲ್ಲೇ ಇರುವುದು. ಆದರೆ ಅದಕ್ಕೂ ಬೇಕಾದದ್ದು ಅದೇ ಅಳಿವೆ, ಅದೇ ತೀರ. ಜಿಲ್ಲಾ ಹಕ್ಕಿಯ ಹೆಸರು ಹೇಳಿ ಮಾತು ಶುರು ಮಾಡಿದರೆ ಪ್ಲೋವರಿನ ಮಾತು ತಾನಾಗಿ ಬರುತ್ತದೆ.

ಎರಡನೆಯದು ಕಂಪನಿಗಳ ಸಾಮಾಜಿಕ ಹೊಣೆಯ ಹಣ, ಎಲ್ಲರೂ ಹೇಳುವ ಸಿಎಸ್‌ಆರ್. 2013 ರ ಕಂಪನಿ ಕಾಯ್ದೆಯ 135ನೇ ವಿಧಿ ಇದನ್ನು ಕಡ್ಡಾಯ ಮಾಡಿತು. 500 ಕೋಟಿ ನಿವ್ವಳ ಆಸ್ತಿ, ಅಥವಾ 1000 ಕೋಟಿ ವಹಿವಾಟು, ಅಥವಾ 5 ಕೋಟಿ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2 ಶೇಕಡಾ ಖರ್ಚು ಮಾಡಬೇಕು. ಸರಾಸರಿ 10 ಕೋಟಿ ಲಾಭದ ಕಂಪನಿ ಎಂದರೆ 20 ಲಕ್ಷ. ಪರಿಸರ ಮತ್ತು ಪ್ರಾಣಿ, ಸಸ್ಯಗಳ ರಕ್ಷಣೆ ಕಾಯ್ದೆಯ ಪಟ್ಟಿಯಲ್ಲಿ ಇದೆ. ಹತ್ತಿರದ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದೂ ಇದೆ. ಕಾಸರಗೋಡಿನಲ್ಲಿ ದೊಡ್ಡ ಕಾರ್ಖಾನೆಗಳು ಕಡಿಮೆ ಇರಬಹುದು, ಆದರೆ ಮಂಗಳೂರು ಎಷ್ಟು ದೂರ?

ಈ ಹಣದ ಬಗ್ಗೆ ಗೊತ್ತಿರಬೇಕಾದ ಒಂದು ವಿಷಯ ಇದೆ. ಶುರುವಾದ ವರ್ಷ ಬಿಟ್ಟು ಮುಂದಿನ ಮೂರು ವರ್ಷದವರೆಗೆ ನಡೆಯುವ ಕೆಲಸಕ್ಕೂ ಅದನ್ನು ಕೊಡಲು ನಿಯಮದಲ್ಲಿ ಅವಕಾಶ ಇದೆ. ಅಂದರೆ ಒಂದು ಗೋಪುರದ ಬದಲು ನಾಲ್ಕು ಸೀಸನ್ನಿನ ಕಾವಲು ಕೇಳಬಹುದು. ಕೇಳುವವರು ಕಡಿಮೆ, ಅಷ್ಟೆ. ಹಣ ಪಡೆಯುವ ಸಂಸ್ಥೆ ನೋಂದಣಿ ಆಗಿರಬೇಕು, ಸಿಎಸ್‌ಆರ್ ಕೆಲಸಕ್ಕೆ ಬೇರೆಯಾಗಿಯೂ ನೋಂದಾಯಿಸಿಕೊಂಡಿರಬೇಕು. ಸುಮ್ನೆ ನಾಲ್ಕು ಗೆಳೆಯರ ವಾಟ್ಸಾಪ್ ಗುಂಪಿಗೆ ಯಾರೂ ಚೆಕ್ ಬರೆಯುವುದಿಲ್ಲ.

ವಿದೇಶಿ ಹಣವನ್ನು ಸಣ್ಣ ಗುಂಪುಗಳು ಮರೆತುಬಿಡುವುದೇ ಒಳ್ಳೆಯದು. ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಬೇಕು. 2020 ರ ತಿದ್ದುಪಡಿಯ ಮೇಲೆ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಹಂಚುವ ಹಾಗೂ ಇಲ್ಲ.

ಜನರ ದೇಣಿಗೆಗೆ 80ಜಿ ಎಂದು ಹೇಳುವ ತೆರಿಗೆ ರಿಯಾಯಿತಿಯ ರಶೀದಿ ಇದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ರಿಯಾಯಿತಿ ಸಿಗುತ್ತದೆ, ಹೊಸ ಪದ್ಧತಿಯವರಿಗೆ ಇಲ್ಲ. 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೂ ರಿಯಾಯಿತಿ ಇಲ್ಲ. ಆದರೆ ನಮ್ಮ ಊರಿನ ಜನ ಬಯಲಾಟಕ್ಕೆ, ಕೋಲಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ ರಶೀದಿ ಹರಿಸುವಾಗ ತೆರಿಗೆಯನ್ನು ನೋಡಿ ಕೊಡುವವರಲ್ಲ. ಕೇಳಿದವರು ಯಾರು, ಕಳೆದ ವರ್ಷದ ಲೆಕ್ಕ ಕೊಟ್ಟಿದ್ದಾರಾ ಎಂದು ನೋಡಿ ಕೊಡುವವರು.

ಹೊರಗಿನ ಎರಡು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಅಮೆರಿಕದಲ್ಲಿ 1934 ರಿಂದ ಬಾತುಕೋಳಿ ಸ್ಟಾಂಪ್ ಎಂಬ ಪದ್ಧತಿ ಇದೆ. ಬಾತು ಬೇಟೆಗೆ ಹೋಗುವವರು ವರ್ಷಕ್ಕೊಂದು ಸ್ಟಾಂಪ್ ಕೊಳ್ಳಲೇಬೇಕು. ಮೊದಲ ಸ್ಟಾಂಪಿನ ಬೆಲೆ 1 ಡಾಲರ್, ಚಿತ್ರ ಬರೆದದ್ದು ಡಿಂಗ್ ಡಾರ್ಲಿಂಗ್ ಎಂಬ ವ್ಯಂಗ್ಯಚಿತ್ರಕಾರ. ಬಂದ ಪ್ರತಿ ಡಾಲರಿನಲ್ಲಿ 98 ಸೆಂಟ್ ಜವುಗು ಪ್ರದೇಶ ಉಳಿಸುವುದಕ್ಕೇ ಹೋಗುತ್ತದೆ. ನಮ್ಮಲ್ಲಿ 1972 ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಗೆ ಜಾಗವಿಲ್ಲ, ಆಗಬೇಕೆಂದೂ ಇಲ್ಲ. ಆದರೆ ಕಲಿಯಬೇಕಾದದ್ದು ಬೇರೆ: ಹಕ್ಕಿಯಿಂದ ಖುಷಿಪಡುವವನು ಕೊಟ್ಟ ಹಣ ಬೇರೆಲ್ಲೂ ಕರಗದೆ ಹಕ್ಕಿಯ ಜಾಗಕ್ಕೇ ಹೋಗಬೇಕು. ಲಕ್ಷ ರೂಪಾಯಿಯ ಕ್ಯಾಮರಾ ಹಿಡಿದು ಬರುವವರು ದಿನಕ್ಕೆ ನೂರು ರೂಪಾಯಿ ಅಳಿವೆಯ ಹೆಸರಿಗೆ ಕೊಟ್ಟರೆ ಬಡವರಾಗುವುದಿಲ್ಲ.

ಇನ್ನೊಂದು ಅಮೆರಿಕದ್ದೇ, ವಲಸೆ ಹಕ್ಕಿಗಳಿಗೆ ಹಣ ಕೊಡುವ 2000 ನೇ ಇಸವಿಯ ಕಾಯ್ದೆ. ಅಮೆರಿಕಕ್ಕೆ ಬಂದುಹೋಗುವ ಹಕ್ಕಿಗಳು ದಕ್ಷಿಣದ ಬೇರೆ ದೇಶಗಳಲ್ಲಿ ಚಳಿಗಾಲ ಕಳೆಯುತ್ತವೆ. ಹಾಗಾಗಿ ಹಣದ ಮುಕ್ಕಾಲು ಪಾಲು ದೇಶದ ಹೊರಗೇ ಖರ್ಚಾಗಬೇಕು ಎಂದು ಅವರೇ ನಿಯಮ ಮಾಡಿಕೊಂಡರು. ಸರ್ಕಾರದ 1 ಡಾಲರಿಗೆ ಉಳಿದವರು 3 ಡಾಲರ್ ಹೊಂದಿಸಬೇಕು ಎಂಬ ಲೆಕ್ಕದಲ್ಲಿ ಅದು ಶುರುವಾಯಿತು. ಈ ಹೊಂದಿಸುವ ಲೆಕ್ಕ ನಮಗೂ ಆಗುತ್ತದೆ. ಊರಿನವರು ಮೊದಲು 20 ಸಾವಿರ ಒಟ್ಟು ಮಾಡಿಕೊಂಡು ಹೋಗಿ, ಉಳಿದದ್ದು ನೀವು ಕೊಡಿ ಎಂದು ಕೇಳಿದರೆ ಎದುರಿನವರು ಕೂರುವ ಭಂಗಿಯೇ ಬದಲಾಗುತ್ತದೆ.

ಊರು ಜೊತೆಗೆ ನಿಲ್ಲುವುದು ಯಾವಾಗ

ಹಣಕ್ಕಿಂತ ಮೊದಲು ಜನ. ಹಕ್ಕಿ ಪಾಪ ಎಂದು ಹೇಳಿದರೆ ಜನ ತಲೆಯಾಡಿಸುತ್ತಾರೆ, ಆಮೇಲೆ ಮನೆಗೆ ಹೋಗುತ್ತಾರೆ. ಹಕ್ಕಿ ಇದ್ದರೆ ತಮಗೇನು ಉಳಿಯುತ್ತದೆ ಎಂದು ಕಂಡರೆ ನಿಲ್ಲುತ್ತಾರೆ. ಇದನ್ನು ಸ್ವಾರ್ಥ ಎಂದು ನಾನು ಕರೆಯುವುದಿಲ್ಲ.

ತಮಿಳುನಾಡಿನ ವೇಡಂತಾಂಗಲ್ ನೋಡಿ. ಅಲ್ಲಿನ ಕೆರೆಗೆ ಬರುವ ಸಾವಿರಾರು ಹಕ್ಕಿಗಳ ಹಿಕ್ಕೆ ನೀರಿಗೆ ಬಿದ್ದು ಅದೇ ನೀರು ಗದ್ದೆಗೆ ಗೊಬ್ಬರವಾಗಿ ಹರಿಯುತ್ತದೆ. ಆದ್ದರಿಂದ ಬ್ರಿಟಿಷ್ ಸಿಪಾಯಿಗಳು ಹಕ್ಕಿ ಹೊಡೆದಾಗ ರೈತರೇ ಕಲೆಕ್ಟರರ ಹತ್ತಿರ ಹೋದರು. 1798 ರಲ್ಲೇ ಹಕ್ಕಿ ಹೊಡೆಯಬಾರದು ಎಂಬ ಆಜ್ಞೆ ಪಡೆದರು. ಅಭಯಾರಣ್ಯ ಎಂಬ ಮಾತೇ ಹುಟ್ಟದ ಕಾಲ ಅದು.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಮನೆಯಂಗಳದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವನ್ನು ಕಾಣುತ್ತಾರೆ. ಆ ಪ್ರೀತಿ ದೊಡ್ಡದು. ಆದರೆ ಗೂಡು ಕಟ್ಟಿದ ಮರದ ಹುಣಸೆ ಕೈಗೆ ಸರಿಯಾಗಿ ಸಿಗುವುದಿಲ್ಲ, ಮರ ಮಾರಿದರೆ ಬರುವ ಹಣವೂ ಇಲ್ಲ. ಪ್ರೀತಿಯೊಂದರ ಮೇಲೆ ಎಲ್ಲ ಭಾರ ಹಾಕಬಾರದು. ಹಾಗಾಗಿ ಗೂಡಿರುವ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. 2007 ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೂ ಆಯಿತು. ನಾನು ಹೇಳಿದ, ಇದ್ದ ಹಾಗೆ ಇಡುವುದಕ್ಕೆ ದುಡ್ಡು ಎಂದರೆ ಇದೇ. ಮರ ಕಡಿಯದೆ ಇದ್ದದ್ದಕ್ಕೆ ಸಂದಾಯ.

ಕೇರಳದಲ್ಲೂ ಇದರ ಜೋಡಿ ಇದೆ. ಕಡಲುಂಡಿ ಹೊಳೆಯ ಅಳಿವೆ 2007 ರಲ್ಲಿ ರಾಜ್ಯದ ಮೊದಲ ಸಮುದಾಯ ಮೀಸಲು ಪ್ರದೇಶ ಆಯಿತು. ಸಮುದಾಯ ಮೀಸಲು ಎಂದರೆ ಜಾಗದ ಒಡೆತನ ಜನರದೇ, ಅವರು ಒಪ್ಪಿ ಮುಂದೆ ಬಂದ ಮೇಲೆ ಸರ್ಕಾರ ಘೋಷಿಸುವುದು, ನೋಡಿಕೊಳ್ಳುವ ಸಮಿತಿಯಲ್ಲಿ ಊರಿನವರು ಇರುವುದು. ಮೇಲಿನಿಂದ ಬೇಲಿ ಹಾಕಿದ ಹಾಗೆ ಅಲ್ಲ. ಮೀನುಗಾರರಿಗೆ ಈ ವ್ಯತ್ಯಾಸ ಬಿಡಿಸಿ ಹೇಳದೆ ಹಕ್ಕಿಯ ಮಾತು ಎತ್ತಲೇಬಾರದು. ನಾಳೆಯಿಂದ ಬಲೆ ಹಾಕಲು ಬಿಡುವುದಿಲ್ಲ ಎಂಬ ಹೆದರಿಕೆ ಹುಟ್ಟಿದರೆ ಆಮೇಲೆ ಎಷ್ಟು ಹೇಳಿದರೂ ಬಾಗಿಲು ತೆರೆಯುವುದಿಲ್ಲ.

ಇನ್ನೂ ಕಷ್ಟದ ಕಡೆಯೂ ಇದು ಆಗಿದೆ. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಹತ್ತಿರ 2012 ರಲ್ಲಿ ಅಮೂರ್ ಚಾಣ ಎಂಬ ವಲಸೆ ಗಿಡುಗಗಳನ್ನು ಲಕ್ಷದ ಲೆಕ್ಕದಲ್ಲಿ ಬಲೆ ಹಾಕಿ ಕೊಂದರು. 2013 ರಲ್ಲಿ ಅಲ್ಲಿ ಒಂದೂ ಸಾಯಲಿಲ್ಲ. ಪಂಗ್ತಿ ಮುಂತಾದ ಊರುಗಳ ಹಿರಿಯರ ಸಭೆಗಳು, ಚರ್ಚುಗಳು, ಬಲೆ ಹಾಕುತ್ತಿದ್ದವರೇ ಸೇರಿ ತೀರ್ಮಾನ ಮಾಡಿದರು. ಆ ವರ್ಷ ಉಪಗ್ರಹದ ಮೂಲಕ ಜಾಡು ಹಿಡಿಯುವ ಸಾಧನ ಕಟ್ಟಿದ ಹಕ್ಕಿಗಳಲ್ಲಿ ಒಂದಕ್ಕೆ ಪಂಗ್ತಿ ಎಂದೇ ಹೆಸರಿಟ್ಟರು. ತಮ್ಮ ಊರಿನ ಹೆಸರು ಹೊತ್ತ ಹಕ್ಕಿ ಅರಬ್ಬಿ ಸಮುದ್ರ ದಾಟುವುದನ್ನು ಊರು ಕಾದು ನೋಡಿತು.

ನಮ್ಮಲ್ಲಿ ಯಾರು ಜೊತೆಗಾರರು? ನನ್ನ ಉತ್ತರ: ಮರುವಾಯಿ, ಅಂದರೆ ಕೆಸರಿನ ಚಿಪ್ಪುಮೀನು ಹೆಕ್ಕುವ ಹೆಂಗಸರು. ಹಕ್ಕಿ ಇಳಿಯುವ ಹೊತ್ತಿಗೇ ಅವರೂ ಕೆಸರಿಗೆ ಇಳಿಯುತ್ತಾರೆ. ಬಗ್ಗಿ, ಕೈಯಿಂದ ತಡವಿ, ಬುಟ್ಟಿಗೆ ಹಾಕುತ್ತಾ ಸಾಗುತ್ತಾರೆ. ಹಕ್ಕಿಗಳು ಅವರಿಗೆ ಹೆದರುವುದು ಕಡಿಮೆ, ಸ್ವಲ್ಪ ಸರಿದು ತಮ್ಮ ಪಾಡಿಗೆ ಮೇಯುತ್ತವೆ. ಹೊಳೆಯ ಮರಳು ತೆಗೆದು ತಳ ಕೆಟ್ಟರೆ, ಕೊಳಚೆ ಬಂದರೆ, ಮಣ್ಣು ತುಂಬಿಸಿದರೆ ಮೊದಲು ಸಾಯುವುದು ಮರುವಾಯಿ ಮತ್ತು ಹುಳ. ಅವರ ಹೊಟ್ಟೆಪಾಡೂ ಹಕ್ಕಿಯ ಹೊಟ್ಟೆಪಾಡೂ ಒಂದೇ ಕೆಸರಿನ ಮೇಲೆ. ಒಬ್ಬ ಹೆಂಗಸು ನನಗೆ ತೋರಿಸಿಕೊಟ್ಟರು, ಹಕ್ಕಿ ಜಾಸ್ತಿ ಕೂರದ ಒಂದು ಮೂಲೆ. ಅಲ್ಲಿ ತಮಗೂ ಏನೂ ಸಿಗುವುದಿಲ್ಲ ಎಂದರು. ಅಷ್ಟು ಸಣ್ಣ ಮಾತಿನಲ್ಲಿ ಎಷ್ಟು ವಿಷಯ ಇದೆ!

ಪದವಿನ ಕಡೆಗೆ ಬಂದರೆ ಜೊತೆಗಾರರು ಕೃಷಿಕರು. ಮೇಲೆ ಬಿದ್ದ ಮಳೆ ಕೆಂಪುಕಲ್ಲಿನಲ್ಲಿ ಇಂಗಿ ಕೆಳಗೆ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗಕ್ಕೆ, ಬಾವಿಗೆ ಬರುತ್ತದೆ. ಪದವು ಕಡಿದು ಹೊಂಡ ಮಾಡಿದರೆ ಅಡಿಕೆ ತೋಟಕ್ಕೆ ಪೆಟ್ಟು. ಅಲ್ಲಿ ನವರಂಗದ ಮಾತಿಗಿಂತ ಮೊದಲು ನೀರಿನ ಮಾತು ಬರಬೇಕು.

ಲೆಕ್ಕ ಇಟ್ಟವರ ಮಾತು

ಅಧಿಕಾರಿಯಾಗಲಿ ಕಂಪನಿಯಾಗಲಿ ಮೊದಲು ಕೇಳುವುದು ಎಷ್ಟು ಹಕ್ಕಿ, ಯಾವ ಹಕ್ಕಿ ಎಂದು. ಇಲ್ಲಿ ಸಾಮಾನ್ಯ ಜನರ ಕೆಲಸ ದೊಡ್ಡದು. 2015 ರಿಂದ 2020 ರವರೆಗೆ ಕೇರಳದಲ್ಲಿ ಸಾವಿರಕ್ಕೂ ಜಾಸ್ತಿ ಸ್ವಯಂಸೇವಕರು ಇಡೀ ರಾಜ್ಯ ಸುತ್ತಿ ಹಕ್ಕಿಗಳ ನಕ್ಷೆ ಮಾಡಿದರು. ಮೂರು ಲಕ್ಷದಷ್ಟು ದಾಖಲೆಗಳು, 361 ಜಾತಿಗಳು. ಏಷ್ಯಾದ ನೀರಹಕ್ಕಿ ಗಣತಿ 1987 ರಿಂದ ಪ್ರತಿ ಜನವರಿ ನಡೆಯುತ್ತಿದೆ. ಸುಮಾರು 30,000 ಹಕ್ಕಿಪ್ರಿಯರು ಬರೆದ ದಾಖಲೆಗಳ ಮೇಲೆ 2023 ರಲ್ಲಿ ದೇಶದ ಹಕ್ಕಿಗಳ ಸ್ಥಿತಿಯ ವರದಿ ಬಂತು. ದೂರದಿಂದ ವಲಸೆ ಬರುವ ಹಕ್ಕಿಗಳು, ಅದರಲ್ಲೂ ತೀರದ ಹಕ್ಕಿಗಳು ಜೋರಾಗಿ ಕಡಿಮೆಯಾಗುತ್ತಿವೆ ಎಂದು ಅದು ಹೇಳಿತು.

ಇ-ಬರ್ಡ್‌ನಲ್ಲಿ (ಜನ ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ) ಒಂದು ಅಳಿವೆಯ ಐದು ವರ್ಷದ ಪಟ್ಟಿ ಇದ್ದರೆ ಅದು ಐವತ್ತು ಪುಟದ ಮನವಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಒಂದೇ ಜಾಗ, ಒಂದೇ ಹೊತ್ತು, ತಿಂಗಳಿಗೆ ಎರಡು ಸಲ. ಹಕ್ಕಿ ಕಾಣದ ದಿನವೂ ಬರೆಯಬೇಕು. ನಾಯಿ ಎಷ್ಟು ಸಲ ಬಂತು ಎಂದೂ ಬರೆಯಬೇಕು. ಈ ಕೊನೆಯದು ನಮಗೆ ಹೊಳೆದದ್ದು ತಡವಾಗಿ.

ಈಗ ಲೆಕ್ಕಕ್ಕೆ ಬರೋಣ. ಅಳಿವೆಯ ಒಬ್ಬ ಕಾವಲುಗಾರರಿಗೆ ದಿನಕ್ಕೆ 700 ರೂಪಾಯಿ ಎಂದು ಇಟ್ಟುಕೊಳ್ಳಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ 150 ದಿನ. 1,05,000 ರೂಪಾಯಿ. ಒಂದು ದುರ್ಬೀನು, ನಾಲ್ಕು ಫಲಕ, ಶಾಲೆ ಮಕ್ಕಳನ್ನು ಕರೆತರುವ ಬಸ್ಸಿನ ಬಾಡಿಗೆ ಸೇರಿಸಿದರೂ ಒಂದೂವರೆ ಲಕ್ಷದ ಒಳಗೆ ಒಂದು ಸೀಸನ್ ಮುಗಿಯುತ್ತದೆ. ಹಿಂದೆ ನಾವು ಬರೆದ ಮೊದಲ ಅರ್ಜಿಯಲ್ಲಿ ಗೋಪುರ, ಮಾಹಿತಿ ಕೇಂದ್ರ, ಎಲ್ಲ ಸೇರಿ ಇದರ ಹತ್ತು ಪಟ್ಟು ಇತ್ತು. ಯಾರೂ ಅದನ್ನು ಎರಡನೇ ಪುಟದವರೆಗೆ ಓದಿದ ಹಾಗೆ ಕಾಣಲಿಲ್ಲ. ಅವರನ್ನು ದೂರುವ ಹಾಗೂ ಇಲ್ಲ.

ಈ ಸಲದ ಅರ್ಜಿ ಒಂದೇ ಪುಟ. ಕನ್ನಡದಲ್ಲೂ ಮಲಯಾಳದಲ್ಲೂ ಇದೆ. ಮೊದಲ ಸಾಲಿನಲ್ಲಿ ಮರುವಾಯಿ ಹೆಕ್ಕುವ ಕುಟುಂಬಗಳ ಮಾತು, ಎರಡನೆಯದರಲ್ಲಿ ಜಿಲ್ಲಾ ಹಕ್ಕಿ, ಮೂರನೆಯದರಲ್ಲಿ ಎರಡು ವರ್ಷದ ನಮ್ಮ ಎಣಿಕೆ. ಕೇಳಿದ್ದು ಒಂದು ಸೀಸನ್ನಿನ ಕಾವಲು. ಆ ಕೆಲಸವನ್ನು ಮರುವಾಯಿ ಹೆಕ್ಕುವವರಲ್ಲೇ ಇಬ್ಬರಿಗೆ ಹಂಚಿ ಕೊಡಬೇಕು ಎಂದು ಬರೆದಿದ್ದೇವೆ. ಕೆಳಗೆ ನಲವತ್ತಮೂರು ಸಹಿ, ಅದರಲ್ಲಿ ಒಂಬತ್ತು ಹೆಬ್ಬೆರಳಿನ ಗುರುತು. ಮುಂದಿನ ಗ್ರಾಮಸಭೆಯ ದಿನ ಇಳಿತ ಬೆಳಿಗ್ಗೆಯೇ ಮುಗಿಯುತ್ತದೆ. ಹಾಗಾಗಿ ಅವರೂ ಬರುತ್ತೇವೆ ಎಂದಿದ್ದಾರೆ.